ಗುಳ್ಳೆಗಳ ಲೆಕ್ಕ

ಹನ್ನೊಂದು ಎಂದು ಎಣಿಸಿ ಮುಗಿಸಿದ ಮೇಲೆ ಅವಳು ಪ್ಲೇಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಮೊದಲಿನಿಂದ ಎಣಿಸಿದಳು. ಮತ್ತೆ ಹನ್ನೊಂದೇ ಬಂತು. ಲೆಕ್ಕ ತಪ್ಪಿರಲಪ್ಪ ಎಂದು ಬೇಡಿಕೊಂಡು ಎಣಿಸುವಾಗಲೇ ಕಣ್ಣು ಎಲ್ಲಿಲ್ಲದಷ್ಟು ಚುರುಕಾಗುತ್ತದೆ ಎನ್ನುವುದು ಈ ಎರಡು ವರ್ಷದಲ್ಲಿ ಅವಳಿಗೆ ಗೊತ್ತಾಗಿರಲಿಲ್ಲ. ಅಂಗೈಯಗಲದ ಪ್ಲೇಟು, ಅದರೊಳಗೆ ಹೆಪ್ಪುಗಟ್ಟಿದ ಅಗರಿನ ಲೋಳೆಯ ಮೇಲೆ ನಿನ್ನೆಯಿಂದ ಬೆಳೆದ ಬ್ಯಾಕ್ಟೀರಿಯಾ, ಉಸಿರು ಬಿಟ್ಟ ಕನ್ನಡಿಯ ಹಾಗೆ ಮಬ್ಬಾಗಿ, ಅಂಚಿನಿಂದ ಅಂಚಿಗೆ ಒಂದೇ ಸಮನಾಗಿ ಹರಡಿಕೊಂಡಿತ್ತು. ವೈರಸ್ಸು ಎಲ್ಲಿ ಬ್ಯಾಕ್ಟೀರಿಯಾವನ್ನು ತಿಂದು ಹಾಕಿದೆಯೋ ಅಲ್ಲಿ ಮಾತ್ರ ಆ ಮಬ್ಬಿನಲ್ಲಿ ತಿಳಿಯಾದ ದುಂಡನೆಯ ತೂತು ಕಾಣುತ್ತದೆ. ಈ ಪ್ಲೇಟಿನಲ್ಲಿ ಕಾಣಬಾರದು. ಇದರ ಹಣೆಯಲ್ಲಿ ಬರೆದಿರುವುದೇ ಸೊನ್ನೆ. ಮುಚ್ಚಳದ ಮೇಲೆ ಮೇಡಂ ತಮ್ಮ ದುಂಡು ಅಕ್ಷರದಲ್ಲಿ ‘ಫೋಟೋಗೆ’ ಎಂದು ಬರೆದು ಕೆಳಗೊಂದು ಗೆರೆ ಎಳೆದಿದ್ದರು. ನಾಳೆ ಹತ್ತು ಗಂಟೆಗೆ ಅವರ ವೈವಾ, ಪಿಎಚ್‌ಡಿಯ ಮೌಖಿಕ ಪರೀಕ್ಷೆ. ಐದು ವರ್ಷದ ಕೆಲಸ ಗೋಡೆಯ ಮೇಲೆ ಬೆಳಕಾಗಿ ಬೀಳುವಾಗ ಅದರ ಮಧ್ಯೆ ಒಂದು ಚೊಕ್ಕ ಸೊನ್ನೆ ಇರಬೇಕು, ಇಷ್ಟು ದೊಡ್ಡದು ಎಂದು ನಿನ್ನೆ ಎರಡೂ ಕೈ ಅಗಲಿಸಿ ತೋರಿಸಿದ್ದರು. ಎಲ್ಲ ಈ ಹೊಸ ಪೆಟ್ಟಿಗೆಯ ಕಿತಾಪತಿ ಎಂದು ಅವಳು ಎದುರಿಗಿದ್ದ ಎಣಿಕೆಯ ಪೆಟ್ಟಿಗೆಯ ಮೇಲೆ ಸಿಟ್ಟಾಗಲು ನೋಡಿದಳು. ಕೆಳಗಿನಿಂದ ಬೆಳಕು, ಮೇಲೆ ಬಟ್ಟಲಿನಷ್ಟು ದಪ್ಪದ ಮಸೂರ. ಬಂದು ಎರಡು ದಿನ ಆಗಿತ್ತು. ಅದಕ್ಕೆ ಮುಂಚೆ ಅವಳು ಪ್ಲೇಟನ್ನು ಕಿಟಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ಎಣಿಸುತ್ತಿದ್ದಳು. ಕಿಟಕಿಯ ಬೆಳಕು ಮರ್ಯಾದಸ್ಥ ಬೆಳಕು. ಎಲ್ಲವನ್ನೂ ತೋರಿಸುತ್ತಿರಲಿಲ್ಲ.

ಲ್ಯಾಬಿನಲ್ಲಿ ಅವರಿಗೆ ಸೊನ್ನೆ ಮೇಡಂ ಎಂದೇ ಹೆಸರು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲವಾದರೂ ಅವರಿಗದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ತಮ್ಮ ಕೆಲಸವನ್ನು ಅವರು ಒಮ್ಮೆ ಇವಳಿಗೆ ಬಿಡಿಸಿ ಹೇಳಿದ್ದರು. ಹಾಗೆ ಇವಳನ್ನು ಕೂರಿಸಿಕೊಂಡು ಹೇಳಿದವರು ಆ ಕಟ್ಟಡದಲ್ಲೆಲ್ಲ ಅವರೊಬ್ಬರೇ. ಲ್ಯಾಬಿನ ಮುಖ್ಯಸ್ಥರು, ಮೇಡಂಗೆ ಗೈಡಾಗಿದ್ದ ದೊಡ್ಡ ಸರ್ ಇವಳ ಕಡೆ ನೋಡಿದ್ದೂ ಕಡಿಮೆ. ವೈರಸ್ಸು ಬ್ಯಾಕ್ಟೀರಿಯಾದ ಒಳಹೊಕ್ಕು ತನ್ನ ಡಿಎನ್‌ಎಯ ನೂರಾರು ಪ್ರತಿ ಮಾಡಿಕೊಳ್ಳುತ್ತದೆ. ಆದರೆ ಆ ದಾರ ಉದ್ದಕ್ಕೆ ಒಂದೇ ಎಳೆಯಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ತುಂಡುಗಳ ತುದಿ ಸೇರಿಸಿ ಹೊಲಿಯುವುದಕ್ಕೆ ಒಂದು ಕಿಣ್ವ ಬೇಕು. ಅಂಥ ಕಿಣ್ವ ಬ್ಯಾಕ್ಟೀರಿಯಾದ ಹತ್ತಿರವೂ ಇದೆ, ವೈರಸ್ಸಿನ ಹತ್ತಿರ ಬೇರೆಯೇ ಒಂದಿದೆ. ಮೇಡಂ ಬಳಿಯಿದ್ದ ವೈರಸ್ಸಿನ ಕಿಣ್ವ ಬಿಸಿಯಲ್ಲಿ ಕೆಡುವಂಥದ್ದು. ಪ್ಲೇಟನ್ನು ತಂಪು ಪೆಟ್ಟಿಗೆಯಲ್ಲಿಟ್ಟರೆ ಮಾರನೆಯ ದಿನ ನೂರಾರು ತೂತು. ಬಿಸಿ ಪೆಟ್ಟಿಗೆಯಲ್ಲಿಟ್ಟರೆ ಸೊನ್ನೆ. ಅಂದರೆ ವೈರಸ್ಸಿಗೆ ತನ್ನ ಸ್ವಂತ ಹೊಲಿಗೆಯೇ ಆಗಬೇಕು, ತಾನು ಹೊಕ್ಕ ಮನೆಯವರ ಸೂಜಿಯನ್ನು ಅದು ಮುಟ್ಟುವುದಿಲ್ಲ. ಥೀಸಿಸ್ಸಿನ ಇನ್ನೂರು ಪುಟ ನಿಂತಿದ್ದು ಈ ಒಂದು ಮಾತಿನ ಮೇಲೆ. ಅದನ್ನು ಕೇಳಿದ ದಿನ ಅವಳಿಗೆ ಅನ್ನಿಸಿತ್ತು: ಸೂಜಿ ಮುರಿದವನು ಪಕ್ಕದಲ್ಲೇ ಇನ್ನೊಂದು ಸೂಜಿ ಇದ್ದರೂ ಕೇಳದೆ ಸಾಯುತ್ತಾನೆಯೇ, ನೂರರಲ್ಲಿ ಒಬ್ಬನಾದರೂ ಕೇಳುವುದಿಲ್ಲವೇ? ಅನ್ನಿಸಿದ್ದನ್ನು ಹೇಳಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅನ್ನಿಸುವುದೆಲ್ಲ ಅಡುಗೆಮನೆಯ ಬುದ್ಧಿ ಎಂದು ತನಗೆ ತಾನೇ ಹೇಳಿಕೊಂಡು, ಅರ್ಥವಾಯಿತು ಎನ್ನುವಂತೆ ತಲೆಯಾಡಿಸಿದ್ದಳು. ಮೇಡಂಗೆ ಖುಷಿಯಾಗಿತ್ತು.

ಹನ್ನೊಂದು. ಅವನ್ನು ಗುಳ್ಳೆ ಎಂದುಬಿಡಬಹುದಿತ್ತು. ಎರಡು ವರ್ಷದಿಂದ ಅವಳು ಹಾಗೆಯೇ ಅನ್ನುತ್ತ ಬಂದಿದ್ದಳು. ಸೀಸೆ ತೊಳೆಯಲು ಬಂದವಳಿಗೆ ಅಗರ್ ಸುರಿಯುವ ಕೆಲಸ ಕೊಟ್ಟ ಮೊದಲ ವಾರ ಅವಳ ಕೈ ನಡುಗಿ, ಬಿಸಿ ಅಗರಿನೊಳಗೆ ಗಾಳಿ ಸೇರಿ, ಪ್ಲೇಟಿನ ತುಂಬ ಗುಳ್ಳೆಗಳೆದ್ದಿದ್ದವು. ಗಾಜಿನ ಸಾಮಾನುಗಳ ಉಸ್ತುವಾರಿಯ ಗಾಜಣ್ಣ ಆ ಪ್ಲೇಟನ್ನು ಎಲ್ಲರೆದುರು ಎತ್ತಿ ಹಿಡಿದು, ಇದೇನು ವಿಜ್ಞಾನವೋ ಸೋಪಿನ ನೊರೆಯೋ ಎಂದು ಕೇಳಿದ್ದ. ಅವತ್ತಿನಿಂದ ಅವಳು ಗುಳ್ಳಮ್ಮ. ಅವನಿಗೆ ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಕೆಟ್ಟ ಮನಸ್ಸಿದ್ದಿದ್ದರೆ ಮರೆತುಬಿಡಬಹುದಿತ್ತು, ಪ್ರೀತಿಯಿಂದ ಇಟ್ಟ ಹೆಸರಾದ್ದರಿಂದ ಅಂಟಿಕೊಂಡೇ ಉಳಿಯಿತು. ಅವಳು ಹಟ ಹಿಡಿದು ಕಲಿತಳು. ಕೊಳವೆಯನ್ನು ಎಷ್ಟು ಓರೆ ಮಾಡಬೇಕು, ಕೊನೆಯ ಹನಿಯನ್ನು ಊದದೆ ಹೇಗೆ ಬಿಡಬೇಕು, ಎದ್ದ ಗುಳ್ಳೆಯ ಮೇಲೆ ಬರ್ನರಿನ ಜ್ವಾಲೆಯನ್ನು ಹೇಗೆ ತಟಕ್ಕನೆ ಹಾಯಿಸಿ ಒಡೆಯಬೇಕು, ಎಲ್ಲ. ಆಮೇಲೆ ಎಣಿಸುವ ಕೆಲಸವೂ ಅವಳ ಪಾಲಿಗೆ ಬಂತು. ಬಿಸಿ ಪೆಟ್ಟಿಗೆಯ ಪ್ಲೇಟುಗಳಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ಕಂಡಾಗಲೆಲ್ಲ ಅವಳ ಕಿವಿ ಕಾದುಬಿಡುತ್ತಿತ್ತು. ಅವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಲ್ಯಾಬಿನ ಪುಸ್ತಕದಲ್ಲಿ ಸೊನ್ನೆ ಬರೆಯುತ್ತಿದ್ದಳು. ಗುಳ್ಳೆ ತನ್ನದು, ತೂತು ವೈರಸ್ಸಿನದು. ತನ್ನ ಹೊಲಸು ಮೇಡಂ ಪುಸ್ತಕಕ್ಕೆ ಏಕೆ? ಆದರೆ ಮನಸ್ಸು ಒಪ್ಪದೆ, ಒಂದು ಚಿಕ್ಕ ನೋಟ್‌ಬುಕ್ ಕೊಂಡು, ಮೊದಲ ಪುಟದಲ್ಲಿ ‘ನನ್ನ ತಪ್ಪುಗಳು’ ಎಂದು ಬರೆದು, ತಾರೀಖು, ಪ್ಲೇಟಿನ ನಂಬರು, ಗುಳ್ಳೆ ಎಷ್ಟು ಎಂದು ಗುರುತು ಹಾಕತೊಡಗಿದ್ದಳು. ಕೈ ಪಳಗುತ್ತಿದೆಯೋ ಇಲ್ಲವೋ ತನಗಾದರೂ ತಿಳಿಯಲಿ ಎಂದು. ಕೈ ಪಳಗಿತು. ವೈರಸ್ ಹಾಕದ ಪ್ಲೇಟುಗಳ ಎದುರು ಸೊನ್ನೆ, ಸೊನ್ನೆ, ಎಲ್ಲೋ ಒಮ್ಮೆ ಒಂದು, ಮತ್ತೆ ಸೊನ್ನೆ. ವೈರಸ್ ಹಾಕಿ ಬಿಸಿಯಲ್ಲಿಟ್ಟವುಗಳ ಎದುರು ಮಾತ್ರ ಒಂಬತ್ತು, ಹನ್ನೆರಡು, ಏಳು, ಹನ್ನೊಂದು.

ಒಂದೇ ಕೈ, ಒಂದೇ ಫ್ಲಾಸ್ಕಿನ ಅಗರು, ಒಂದೇ ಬೆಳಗ್ಗೆ. ಬೇರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಅವಳಿಗೂ ಬಂದಿತ್ತು, ಆದರೆ ಅನುಮಾನ ಬಂದಿದ್ದು ತನ್ನ ಮೇಲೆಯೇ. ಮುಖ್ಯವಾದ ಪ್ಲೇಟು ಎಂದು ಗೊತ್ತಾದರೆ ಕೈ ಹೆದರುತ್ತದೆ, ಹೆದರಿದ ಕೈಯಿಂದ ಗುಳ್ಳೆ ಬರುತ್ತದೆ. ಯಾರೂ ಕೇಳದ ಪ್ಲೇಟನ್ನು ಅದೇ ಕೈ ಚೆನ್ನಾಗಿ ಸುರಿಯುತ್ತದೆ. ಇದಕ್ಕಿಂತ ಸರಿಯಾದ ವಿವರಣೆ ಅವಳಿಗೆ ಹೊಳೆದಿರಲಿಲ್ಲ, ಏಕೆಂದರೆ ಅವಳ ಇಡೀ ಬದುಕು ಹಾಗೆಯೇ ಇತ್ತು. ಶಾಲೆಯಲ್ಲಿ ಒಮ್ಮೆ ಗಣಿತದ ಮೇಷ್ಟ್ರು ಒಂದು ಲೆಕ್ಕ ಕೊಟ್ಟು ಒಬ್ಬೊಬ್ಬರನ್ನೇ ಕೇಳುತ್ತ ಬರುತ್ತಿದ್ದರು. ಮೊದಲ ಬೆಂಚಿನಿಂದ ಅವಳ ಬೆಂಚಿನವರೆಗೆ ಯಾರಿಗೂ ಬರಲಿಲ್ಲ. ಅವಳಿಗೆ ಬರುತ್ತಿತ್ತು, ಮೂವತ್ತಾರು, ನಾಲಿಗೆಯ ತುದಿಯಲ್ಲಿ ಕೂತಿತ್ತು. ಸರದಿ ಬಂದಾಗ ಎದ್ದು ನಿಂತಳು. ನಾಲಿಗೆ ಹೊರಳಲಿಲ್ಲ. ಮೇಷ್ಟ್ರು ಅವಳನ್ನೂ ನಿಲ್ಲಿಸಿ ಮುಂದೆ ಹೋದರು. ಎಲ್ಲರೂ ನಿಂತ ಮೇಲೆ ತಾವೇ ಬೋರ್ಡಿನ ಮೇಲೆ ಮೂವತ್ತಾರು ಎಂದು ಬರೆದರು. ಗೊತ್ತಿಲ್ಲದೆ ನಿಂತವರ ನಡುವೆ ಗೊತ್ತಿದ್ದೂ ನಿಂತಿರುವುದರಲ್ಲಿ ಒಂದು ಗುಟ್ಟಿನ ಸುಖವಿತ್ತು ಎಂದು ನೆನಪಾಗಿ ಅವಳಿಗೆ ಈಗಲೂ ನಾಚಿಕೆಯಾಯಿತು. ಮಸೂರದ ಕೆಳಗೆ ಅವಳು ವೈರಸ್ ಹಾಕದ ಪ್ಲೇಟನ್ನು ಇಟ್ಟಳು. ಮಬ್ಬು, ಒಂದೇ ಸಮ, ಒಂದು ಚುಕ್ಕೆಯೂ ಇಲ್ಲ. ಮತ್ತೆ ಮೊದಲಿನದನ್ನು ಇಟ್ಟಳು. ಹನ್ನೊಂದೂ ಒಂದೇ ಅಳತೆಯವು, ಹನ್ನೊಂದರ ಸುತ್ತಲೂ ಕೂದಲೆಳೆಯಷ್ಟು ತೆಳುವಾದ ಅಂಚು, ತಿನ್ನುತ್ತ ತಿನ್ನುತ್ತ ನಿಂತುಹೋದ ಹಾಗೆ. ಗಾಳಿಗೆ ತಿನ್ನಲು ಬರುವುದಿಲ್ಲ. ಎರಡು ವರ್ಷ ಅವಳು ಕಟ್ಟಿಕೊಂಡ ತಪ್ಪು ಅವಳದಾಗಿರಲಿಲ್ಲ. ಅದು ತನ್ನದೆಂದುಕೊಂಡಿದ್ದೇ ಈಗ ತಪ್ಪಾಗಿತ್ತು.

ಮೇಡಂ ಕ್ಯಾಮೆರಾ ಹಿಡಿದುಕೊಂಡು ಬಂದಾಗ ಅವಳು ಎದ್ದು ನಿಂತಳು. ಮೇಡಂ ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ತುಟಿ ಒಣಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಪೆಟ್ಟಿಗೆಯ ಮೇಲಿದ್ದ ಪ್ಲೇಟಿನ ಮೇಲೆ ಬಗ್ಗಿದವರು ಹಾಗೆಯೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. ಅವರ ಜಡೆ ಜಾರಿ ಮೇಜಿನ ಮೇಲೆ ಬಿತ್ತು, ಎತ್ತಿಕೊಳ್ಳಲಿಲ್ಲ.

‘ಗುಳ್ಳೆ ತಾನೆ?’ ಎಂದರು, ತಲೆ ಎತ್ತದೆ.

ಕೇಳಿದ ರೀತಿಯಲ್ಲೇ ಉತ್ತರವೂ ಇತ್ತು. ಅವಳು ಹೂಂ ಅಂದಳು. ಅಂದಿದ್ದು ತನಗೇ ಕೇಳಿಸದಷ್ಟು ಮೆಲ್ಲಗೆ, ಆದರೆ ಮೇಡಂಗೆ ಕೇಳಿಸಿತು. ಬೇಕಾದ ಮಾತು ಎಷ್ಟು ಮೆಲ್ಲಗೆ ಆಡಿದರೂ ಕೇಳಿಸುತ್ತದೆ. ಅವರು ನೆಟ್ಟಗೆ ನಿಂತು, ಜಡೆಯನ್ನು ಹಿಂದಕ್ಕೆ ಹಾಕಿಕೊಂಡು, ಮಸೂರ ಸರಿಸಿ ಮೇಲಿನಿಂದ ಫೋಟೋ ತೆಗೆದುಕೊಂಡರು. ಅಷ್ಟು ದೂರದಿಂದ ತೆಗೆದರೆ ಚುಕ್ಕೆ ಬೀಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು, ವೈವಾ ಒಂದು ಮುಗಿದರೆ ಸಾಕು, ನಿಮ್ಮ ಕೆಲಸ ಇನ್ನೊಂದು ವರ್ಷ ಮುಂದುವರಿಸುವ ಕಾಗದಕ್ಕೆ ದೊಡ್ಡ ಸರ್ ಹತ್ತಿರ ಅವತ್ತೇ ಸಹಿ ಮಾಡಿಸ್ತೀನಿ ಅಂದರು. ಅದು ಲಂಚವಾಗಿರಲಿಲ್ಲ, ಹೋದ ವರ್ಷವೂ ಅವರೇ ಮಾಡಿಸಿದ್ದರು. ಲಂಚವಾಗಿದ್ದಿದ್ದರೆ ಬೇಡವೆನ್ನುವುದು ಸುಲಭವಿತ್ತು ಎಂದು ಅವಳು ಅಂದುಕೊಂಡಳು. ಬೇಡವೆನ್ನುವ ಧೈರ್ಯ ತನಗೆ ಯಾವತ್ತು ಇತ್ತು ಎಂದೂ ಅಂದುಕೊಂಡಳು.

ಮನೆಯಲ್ಲಿ ಅವತ್ತು ಸಂಜೆ ಅಮ್ಮ ದಿಂಬಿನ ಚೀಲದ ಹರಿದ ಅಂಚು ಹೊಲಿಯುತ್ತ ಕೂತಿದ್ದಳು. ಅತ್ತಿಗೆ ಎಂದಿನಂತೆ, ಇವತ್ತು ಎಷ್ಟು ಹುಳ ಎಣಿಸಿದೆ ಎಂದು ಕೇಳಿದಳು. ಹುಳ ಅಲ್ಲ ಎಂದು ಎರಡು ವರ್ಷದಲ್ಲಿ ನೂರು ಸಲ ಹೇಳಿಯಾಗಿತ್ತು. ಇವತ್ತು ಅವಳು, ಸೊನ್ನೆ, ಅಂದಳು. ಸೊನ್ನೆ ಎಣಿಸೋಕೆ ಬೆಳಗ್ಗೆ ಒಂಬತ್ತಕ್ಕೆ ಹೋಗಬೇಕಾ ಎಂದು ಅತ್ತಿಗೆ ನಕ್ಕಳು, ಅಣ್ಣನೂ ಪೇಪರಿನ ಹಿಂದಿನಿಂದ ನಕ್ಕ. ಆ ನಗು ತನ್ನ ಮೇಲೆ ಬೀಳಬೇಕಾದದ್ದೇ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ನಾಳೆ ಹೇಳಿದರೆ ಏನಾಗುತ್ತದೆ? ಮೇಡಂ ಥೀಸಿಸ್ ನಿಲ್ಲುತ್ತದೆ. ಅವರಿಗೆ ಆಗಲೇ ಬೇರೆ ಊರಲ್ಲಿ ಕೆಲಸ ಗೊತ್ತಾಗಿದೆ, ಅದೂ ಹೋಗುತ್ತದೆ. ತನ್ನನ್ನು ಸೀಸೆ ತೊಳೆಯುವ ತೊಟ್ಟಿಯ ಹತ್ತಿರವೂ ಬಿಡುವುದಿಲ್ಲ. ಹೇಳದಿದ್ದರೆ ಏನೂ ಆಗುವುದಿಲ್ಲ. ಒಂದು ಸುಳ್ಳು ಸೊನ್ನೆ ಪುಸ್ತಕದಲ್ಲಿ ಮುದ್ರಣವಾಗಿ, ಎಲ್ಲೋ ಯಾರೋ ಅದನ್ನು ಓದಿ, ಸರಿ ಹಾಗಾದರೆ ಎಂದು ಮುಂದೆ ಹೋಗುತ್ತಾರೆ, ಅಷ್ಟೇ. ವೈರಸ್ಸಿಗೂ ಅದರಿಂದ ಬೇಸರವಿಲ್ಲ. ಏನೂ ಆಗದ ಈ ಎರಡನೆಯದೇ ಏಕೆ ಹೆಚ್ಚು ಹೆದರಿಸುತ್ತಿದೆ ಎಂದು ಯೋಚಿಸುತ್ತ ಅವಳು ತಟ್ಟೆಯಲ್ಲಿದ್ದುದನ್ನು ಊಟ ಮಾಡಿದಳು. ಮೇಡಂ ಸಲುವಾಗಿ ಗುಳ್ಳೆ ತನ್ನದೇ ಎಂದು ಒಪ್ಪಿಕೊಳ್ಳುವುದು ಎಂದು ತೀರ್ಮಾನ ಮಾಡಿಕೊಂಡ ಮೇಲೆ ಮನಸ್ಸು ಹಗುರಾಯಿತು. ತ್ಯಾಗ ಎಂಬ ಮಾತೂ ಒಮ್ಮೆ ಬಂದು ಹೋಯಿತು. ಅದನ್ನು ಅವಳು ಓಡಿಸಲಿಲ್ಲ.

ವೈವಾ ನಡೆಯುವ ಕೋಣೆಗೆ ಅವಳನ್ನು ಯಾರೂ ಕರೆಯಬೇಕಾಗಿರಲಿಲ್ಲ. ಆದರೆ ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ತಮ್ಮ ಕಾಲದಲ್ಲಿ ಸಾವಿರಾರು ಪ್ಲೇಟು ತಾವೇ ಸುರಿದವರು. ಗೋಡೆಯ ಮೇಲೆ ಸೊನ್ನೆ ಬೆಳಗಿದಾಗ, ಫೋಟೋ ಚೆನ್ನಾಗಿದೆ, ಪ್ಲೇಟು ಎಲ್ಲಿ ಎಂದು ಕೇಳಿದರಂತೆ. ಗಾಜಣ್ಣ ಓಡಿಬಂದು ಹೇಳಿದ. ಅವಳು ಪೆಟ್ಟಿಗೆ ಮತ್ತು ಎರಡು ಪ್ಲೇಟು ಹಿಡಿದುಕೊಂಡು ಹೋದಳು. ಒಳಗೆ ಹನ್ನೆರಡು ಜನ. ಮೇಜಿನ ತುದಿಯಲ್ಲಿ ದೊಡ್ಡ ಸರ್, ಗೋಡೆಯ ಬೆಳಕಿನಲ್ಲಿ ಮೇಡಂ. ಸ್ವಿಚ್ಚು ಹಾಕಿ ಅವಳು ಬಾಗಿಲಿನ ಕಡೆ ಸರಿಯುತ್ತಿದ್ದಾಗ ಪರೀಕ್ಷಕರು ಮಸೂರದಲ್ಲಿ ಕಣ್ಣಿಟ್ಟು, ಇವೇನು ಎಂದರು. ಮೇಡಂ ಶಾಂತವಾಗಿ, ಗುಳ್ಳೆಗಳು ಸರ್, ಸುರಿಯುವಾಗ ಬಂದಿವೆ, ಅಂದರು. ಧ್ವನಿ ಒಂದಿಷ್ಟೂ ಅಲುಗಲಿಲ್ಲ. ಚುಚ್ಚಿ ನೋಡಿದ್ದೀರಾ ಎಂದು ಪರೀಕ್ಷಕರು ಕೇಳಿದರು. ಟೂತ್‌ಪಿಕ್ಕಿನಿಂದ ಚುಚ್ಚಿ ಹೊಸ ಬ್ಯಾಕ್ಟೀರಿಯಾದ ಮೇಲೆ ಮುಟ್ಟಿಸಿದರೆ, ವೈರಸ್ಸಾಗಿದ್ದರೆ ಅಲ್ಲಿ ಮತ್ತೆ ತೂತಾಗುತ್ತದೆ, ಗಾಳಿಯಾಗಿದ್ದರೆ ಏನೂ ಆಗುವುದಿಲ್ಲ. ಸೊನ್ನೆಯನ್ನು ಯಾರು ಚುಚ್ಚಿ ನೋಡುತ್ತಾರೆ ಸರ್, ಎಂದು ಮೇಡಂ ನಗಲು ಪ್ರಯತ್ನಿಸಿದರು. ದೊಡ್ಡ ಸರ್‌ಗೆ ಹೊತ್ತಾಗುತ್ತಿತ್ತು. ಅವರು ಬಾಗಿಲಿನ ಕಡೆ ನೋಡಿ, ಅದಕ್ಕೇನಂತೆ, ಸುರಿದವಳು ಇಲ್ಲೇ ಇದ್ದಾಳಲ್ಲ, ಕೇಳಿದರಾಯಿತು ಅಂದರು. ಆಮೇಲೆ ಪರೀಕ್ಷಕರಿಗೆ ತಮಾಷೆ ಹೇಳುವವರಂತೆ, ನಮ್ಮಲ್ಲಿ ಇವಳಿಗೆ ಗುಳ್ಳಮ್ಮ ಅಂತಲೇ ಹೆಸರು ಎಂದು ಸೇರಿಸಿದರು. ಹೆಸರು ಅವರವರೆಗೂ ಹೋಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹನ್ನೆರಡು ಜನರೂ ಸಣ್ಣಗೆ ನಕ್ಕರು. ಮೇಡಂ ಕೂಡ ನಕ್ಕರು, ಪಾಪ, ಬದುಕಿಕೊಂಡೆ ಎನ್ನುವ ನಗು.

ಹೇಳಬೇಕಾದದ್ದು ಒಂದೇ ಮಾತು. ಹೌದು ಸರ್, ಎಂದು. ನಿನ್ನೆಯೇ ಗಟ್ಟಿ ಮಾಡಿಕೊಂಡು ಬಂದಿದ್ದಳು. ಬಾಯಿ ತೆರೆದಾಗ ಆ ಮಾತೇ ಬರುತ್ತದೆ ಎಂದು ನಂಬಿಯೇ ತೆರೆದಳು.

‘ನನ್ನ ಕೈಯಲ್ಲಿ ಗುಳ್ಳೆ ಬರಲ್ಲ ಸರ್.’

ಕೋಣೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಮಾತಾಡಿರಲಿಲ್ಲ. ಅದು ಸತ್ಯಕ್ಕಾಗಿ ಆಡಿದ ಮಾತಲ್ಲ ಎಂದು ಅವಳಿಗೆ ಆ ಕ್ಷಣವೇ ಗೊತ್ತಿತ್ತು. ಸತ್ಯ ಅವಳ ತಲೆಗೇ ಹೊಳೆದಿರಲಿಲ್ಲ. ಹನ್ನೆರಡು ಜನರ ನಗು ಕೇಳಿ ಎಲ್ಲೋ ಒಳಗಿದ್ದ ಜಂಬ ಎದ್ದು ಬಂದುಬಿಟ್ಟಿತ್ತು, ಅದು ಅಷ್ಟು ದೊಡ್ಡದಿದೆ ಎಂದು ಅವಳಿಗೇ ತಿಳಿದಿರಲಿಲ್ಲ. ಮೇಡಂ ಅವಳನ್ನು ನೋಡುತ್ತಿದ್ದರು. ಕೋಪದಿಂದಲ್ಲ, ಮೆಟ್ಟಿಲು ಇದೆ ಎಂದು ಕಾಲಿಟ್ಟಲ್ಲಿ ಮೆಟ್ಟಿಲು ಇಲ್ಲದಿದ್ದರೆ ನೋಡುವ ಹಾಗೆ.

ಪರೀಕ್ಷಕರು ಮಸೂರದಿಂದ ತಲೆ ಎತ್ತಿ, ಅಷ್ಟು ಖಂಡಿತವಾಗಿ ಹೇಗೆ ಹೇಳ್ತೀರಮ್ಮ ಎಂದು ಕೇಳಿದರು. ಮೇಡಂ ಒಬ್ಬರನ್ನು ಬಿಟ್ಟರೆ ಅವಳನ್ನು ಅಲ್ಲಿ ಯಾರೂ ಬಹುವಚನದಲ್ಲಿ ಹಾಗೆ ಕೇಳಿರಲಿಲ್ಲ. ಆ ಒಂದು ಬಹುವಚನವೇ ಅವಳನ್ನು ಮುಗಿಸಿತು. ಬರೆದಿಟ್ಟಿದೀನಿ ಸರ್ ಎಂದು, ಹೋಗಿ ಡ್ರಾಯರಿನಿಂದ ನೋಟ್‌ಬುಕ್ ತಂದುಕೊಟ್ಟಳು. ಪರೀಕ್ಷಕರು ಮೊದಲ ಪುಟ ತೆರೆದು, ‘ನನ್ನ ತಪ್ಪುಗಳು’ ಎಂದು ಗಟ್ಟಿಯಾಗಿ ಓದಿದರು. ಯಾರೋ ಕೆಮ್ಮಿದರು. ಅವರು ಪುಟ ಮಗುಚುತ್ತ ಹೋದಂತೆ ಓದುವುದು ನಿಂತಿತು, ಬೆರಳು ಮಾತ್ರ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗಿ ಬರುತ್ತಿತ್ತು. ಅಷ್ಟು ಹೊತ್ತು ಕೂತು ಅವಳ ಬರಹವನ್ನು ಈವರೆಗೆ ಯಾರೂ ಓದಿರಲಿಲ್ಲ. ಕೊನೆಗೆ ಅವರು ದೊಡ್ಡ ಸರ್ ಕಡೆ ನೋಟ್‌ಬುಕ್ ತಳ್ಳಿ, ಎರಡು ವರ್ಷ, ಪ್ರತಿ ಸಲವೂ ಜೊತೆಗೆ ವೈರಸ್ ಹಾಕದ ಪ್ಲೇಟು, ಇಷ್ಟು ಶಿಸ್ತಿನ ದಾಖಲೆ ಈ ಥೀಸಿಸ್ಸಿನಲ್ಲಿ ನನಗೆ ಕಾಣಲಿಲ್ಲ ಅಂದರು. ತೂತು ಸಣ್ಣವು, ನೂರು ವೈರಸ್ಸಿನಲ್ಲಿ ಒಂದೋ ಎರಡೋ ಮಾಡಿದವು. ಸ್ವಂತ ಕಿಣ್ವ ಕೆಟ್ಟಾಗ ಬ್ಯಾಕ್ಟೀರಿಯಾದ ಕಿಣ್ವವನ್ನು ಹೇಗೋ ಬಳಸಿಕೊಂಡಿರಬಹುದು. ಇರಬಹುದು ಅಷ್ಟೇ, ಚುಚ್ಚಿ ನೋಡದೆ ಹೇಳಲಾಗದು. ಆದರೆ ಸೊನ್ನೆ ಅಂತೂ ಅಲ್ಲ ಎಂದು ಮುಗಿಸಿದರು.

ದೊಡ್ಡ ಸರ್ ನೋಟ್‌ಬುಕ್ ಮೇಲೆ ಕಣ್ಣಾಡಿಸಿದರು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಈ ಅನುಮಾನ ತಮಗೆ ಮೊದಲಿನಿಂದಲೂ ಇತ್ತೆಂದೂ, ವಿದ್ಯಾರ್ಥಿಗಳು ತಾವಾಗಿಯೇ ಕಂಡುಕೊಳ್ಳಲಿ ಎಂದು ಸುಮ್ಮನಿದ್ದುದಾಗಿಯೂ ಹೇಳಿದರು. ಹೇಳುತ್ತ ಹೇಳುತ್ತ ಅದು ಅವರಿಗೆ ನಿಜವೇ ಆಗುತ್ತಿರುವುದು ಅವಳಿಗೆ ಬಾಗಿಲಿನಿಂದ ಕಾಣಿಸಿತು. ಸೊನ್ನೆಗಿಂತ ಇದೇ ದೊಡ್ಡ ಸುದ್ದಿ, ಮನೆಯವರ ಸೂಜಿಯನ್ನು ಎರವಲು ಪಡೆಯುವ ವೈರಸ್, ಎಂದು ಅವರು ಅಂದಾಗ ಎಲ್ಲರೂ ತಲೆದೂಗಿದರು. ಮೂರನೆಯ ಅಧ್ಯಾಯ ಮತ್ತೆ ಮಾಡಬೇಕು, ಆರು ತಿಂಗಳು, ನೋಟ್‌ಬುಕ್ಕಿನ ಜೆರಾಕ್ಸ್ ಕೊನೆಯಲ್ಲಿ ಅನುಬಂಧವಾಗಿ ಸೇರಬೇಕು, ಶೀರ್ಷಿಕೆಯ ಸಮೇತ ಎಂದು ತೀರ್ಮಾನವಾಯಿತು. ಅದಾದ ಮೇಲೆ ಎಲ್ಲರೂ ಅವಳನ್ನು ಮರೆತರು. ಮೇಡಂ ಗೋಡೆಯ ಮೇಲಿನ ಸೊನ್ನೆಯನ್ನು ಆರಿಸುವುದನ್ನೂ ಮರೆತು ಅದರ ಬೆಳಕಿನಲ್ಲೇ ನಿಂತಿದ್ದರು, ಅರ್ಧ ಮುಖ ಬೆಳ್ಳಗೆ. ಹೊರಗೆ ಗಾಜಣ್ಣ, ಏನಾಯ್ತು ಗುಳ್ಳಮ್ಮ ಎಂದು ಕೇಳಿ, ಅವಳ ಮುಖ ನೋಡಿ, ಬಾಯಿ ಮುಚ್ಚಿಕೊಂಡ. ಮಾರನೆಯ ದಿನದಿಂದ ಅವನು ಆ ಹೆಸರು ಕರೆಯುವುದನ್ನು ಬಿಟ್ಟ. ಬೇರೆ ಹೆಸರು ಹೊಳೆಯದೆ ಅವಳನ್ನು ಏನೂ ಕರೆಯದಾದ.

ಅವಳ ಕಾಗದಕ್ಕೆ ದೊಡ್ಡ ಸರ್ ತಾವಾಗಿಯೇ ಸಹಿ ಮಾಡಿದರು. ವರ್ಷ ಎಂದು ಅಚ್ಚಾಗಿದ್ದುದನ್ನು ಹೊಡೆದು ಆರು ತಿಂಗಳು ಎಂದು ಬರೆದಿದ್ದರು, ಕೆಲಸ ಇರುವುದು ಅಷ್ಟೇ ಎಂದು. ಪರೀಕ್ಷಕರ ವರದಿಯೂ ಬಂತು. ಅದರ ನಾಲ್ಕನೆಯ ಸಾಲಿನಲ್ಲಿ ‘ಪ್ಲೇಟು ಸಿದ್ಧಪಡಿಸುವವರ ಕೈಕೆಲಸದಲ್ಲಿ ಗುಳ್ಳೆಗಳು ಬರುವುದಿಲ್ಲ ಎಂಬುದು ದಾಖಲೆಗಳಿಂದ ಖಚಿತವಾಗಿದೆ’ ಎಂದು ಇತ್ತಂತೆ. ಮೇಡಂ ನಾಲ್ಕು ದಿನ ಬರಲಿಲ್ಲ. ಆ ನಾಲ್ಕು ದಿನವೂ ಅವಳು ಅವರ ಮೇಜು ಒರೆಸಿದಳು, ಕುರ್ಚಿಯ ಮೇಲೆ ಬಿಟ್ಟು ಹೋಗಿದ್ದ ಶಾಲನ್ನು ಮಡಿಸಿ ಇಟ್ಟಳು, ಮಡಿಸಿದ್ದು ಅತಿಯಾಯಿತು ಎನ್ನಿಸಿ ಮತ್ತೆ ಮೊದಲಿನ ಹಾಗೆ ಹರವಿದಳು. ಕ್ಷಮಿಸಿ ಎನ್ನುವುದಕ್ಕೆ ಏನು ಮಾಡಿದೆ ಎಂದು ಮೊದಲು ಗೊತ್ತಿರಬೇಕು. ಸುಳ್ಳು ಸೊನ್ನೆ ಬರೆದದ್ದಕ್ಕೋ, ನೋಟ್‌ಬುಕ್ ತೆಗೆದು ಕೊಟ್ಟದ್ದಕ್ಕೋ? ಎರಡಕ್ಕೂ ಕ್ಷಮೆ ಕೇಳಿದರೆ ಒಂದಕ್ಕೊಂದು ವಜಾ ಆಗುವುದಿಲ್ಲವೇ?

ಐದನೆಯ ದಿನ ಮೇಡಂ ಬಂದರು. ಕೂದಲು ಕತ್ತರಿಸಿಕೊಂಡಿದ್ದರು, ಬರಿಯ ಕುತ್ತಿಗೆಯಿಂದಾಗಿ ಚಿಕ್ಕವರ ಹಾಗೆ ಕಾಣುತ್ತಿದ್ದರು. ಬೇರೆ ಊರಿನ ಕೆಲಸ ಕೊಟ್ಟಿದ್ದವರು ಆರು ತಿಂಗಳು ಕಾಯುವುದಿಲ್ಲ ಅಂದರಂತೆ ಎಂದು ಗಾಜಣ್ಣನಿಂದ ತಿಳಿಯಿತು. ಮೇಡಂ ಅವಳಿಗೆ ಕೊಳವೆಗಳ ಪಟ್ಟಿ ಕೊಟ್ಟು ಸುರಿಯಿರಿ ಅಂದರು, ಅಷ್ಟೇ. ಅವಳು ಸುರಿಯಲು ಕೂತಳು. ಮೇಡಂ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು ಅವಳ ಕೈಯನ್ನೇ ನೋಡುತ್ತಿದ್ದರು. ಐದು ವರ್ಷದಲ್ಲಿ ಸುರಿಯುವುದನ್ನು ನೋಡಲು ಅವರು ಕೂತದ್ದು ಅದೇ ಮೊದಲು. ಆರನೆಯ ಪ್ಲೇಟಿನಲ್ಲಿ ಅವಳ ಹೆಬ್ಬೆರಳು ಅದುರಿತು. ಮೂರು ಗುಳ್ಳೆ ಎದ್ದವು. ಅವಳು ಕಣ್ಣಾರೆ ನೋಡಿದಳು, ಮೂರು, ಸಣ್ಣವು, ಜ್ವಾಲೆ ಹಾಯಿಸಿದರೆ ಹೋಗುವಂಥವು. ಬರ್ನರು ಮೇಡಂ ಮೊಣಕೈ ಹತ್ತಿರವಿತ್ತು. ಸ್ವಲ್ಪ ಸರೀರಿ ಎಂದು ಕೇಳಬೇಕಿತ್ತು. ಕೇಳುವಷ್ಟರಲ್ಲಿ ಅಗರು ಗಟ್ಟಿಯಾಯಿತು.

ಮರುದಿನ ಬೆಳಗ್ಗೆ ಪೆಟ್ಟಿಗೆಯ ಮುಂದೆ ಮೇಡಂ ತಾವೇ ಕೂತರು. ಪ್ಲೇಟಿನ ಬೆನ್ನಿಗೆ ಪೆನ್ನಿನಿಂದ ಒಂದೊಂದಾಗಿ ಚುಕ್ಕೆ ಇಡುತ್ತ ಬಾಯಲ್ಲೇ ಎಣಿಸುತ್ತಿದ್ದರು. ಅವಳು ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದಳು, ಮೊದಲು ಬಂದಾಗ ನಿಲ್ಲುತ್ತಿದ್ದ ಹಾಗೆ. ಆರನೆಯ ಪ್ಲೇಟಿಗೆ ಹದಿನಾಲ್ಕು ಎಂದು ಹೇಳಿ ಬರೆಯಿರಿ ಅಂದರು. ಅವಳು ಪೆನ್ನು ಊರಲಿಲ್ಲ. ಬರೆದುಬಿಟ್ಟರೆ ಆಯಿತು. ಹದಿನಾಲ್ಕು ಎಂದರೆ ದೊಡ್ಡ ಸರ್‌ಗೆ ಇನ್ನೂ ಖುಷಿ, ಮೇಡಂಗೂ ಕೆಲಸ ಬೇಗ ಮುಗಿಯುತ್ತದೆ. ತನಗೂ ಒಂದು ಮರ್ಯಾದೆ ಇದೆ ಈಗ, ವರದಿಯಲ್ಲೇ ಇದೆ, ನಾಲ್ಕನೆಯ ಸಾಲು. ಅದು ಹೋದರೆ ನೋಟ್‌ಬುಕ್ಕಿನ ಎರಡು ವರ್ಷವನ್ನೂ ಯಾರು ನಂಬುತ್ತಾರೆ?

‘ಅದರಲ್ಲಿ ಮೂರು ನನ್ನವು ಮೇಡಂ.’

ಮೇಡಂ ತಿರುಗಿ ನೋಡಿದರು. ‘ನಿಮ್ಮ ಕೈಯಲ್ಲಿ ಗುಳ್ಳೆ ಬರಲ್ಲ ಅಲ್ವಾ?’

‘ನಿನ್ನೆ ಬಂತು.’

ಮೇಡಂ ತುಟಿಯ ಒಂದು ಕೊನೆ ನಗುವಿಗೋ ಅಳುವಿಗೋ ಒಂದಿಷ್ಟು ಕೊಂಕಿತು. ಕುರ್ಚಿಯಿಂದ ಎದ್ದು ಅವಳಿಗೆ ಜಾಗ ಬಿಟ್ಟರು.

‘ಯಾವ ಮೂರು?’

ಅವಳು ಕೂತು ಮಸೂರದ ಮೇಲೆ ಬಗ್ಗಿದಳು. ಹದಿನಾಲ್ಕು ಚುಕ್ಕೆ, ಸೂಜಿಮೊನೆಯಷ್ಟು, ಮಬ್ಬಿನ ನಡುವೆ ತಿಳಿಯಾಗಿ. ಒಂದನ್ನು ನೋಡಿದರೆ ಸುತ್ತ ಅಂಚು ಇದ್ದ ಹಾಗಿತ್ತು, ಇನ್ನಷ್ಟು ನೋಡಿದರೆ ಇಲ್ಲದ ಹಾಗಿತ್ತು. ಪ್ಲೇಟನ್ನು ಕಾಲು ಸುತ್ತು ತಿರುಗಿಸಿದಳು. ನಿನ್ನೆ ಮೂರು ಎದ್ದದ್ದು ಎಡಗಡೆಯೋ ಬಲಗಡೆಯೋ. ಪೆಟ್ಟಿಗೆಯಲ್ಲಿ ಇಡುವಾಗ ತಿರುಗಿದೆಯೋ ಏನೋ. ಎಲ್ಲವೂ ಒಂದೇ ತರಹ ಕಾಣುತ್ತಿದ್ದವು. ಎಲ್ಲವೂ ತನ್ನವು ಎಂದು ಆಣೆ ಮಾಡಬಹುದಿತ್ತು, ಒಂದೂ ತನ್ನದಲ್ಲ ಎಂದೂ. ಇಷ್ಟು ದಿನ ಕಣ್ಣಿಗೆ ಕಂಡದ್ದೆಲ್ಲ ಕಣ್ಣಿನದಾಗಿತ್ತೋ ನಾಚಿಕೆಯದಾಗಿತ್ತೋ ಎಂದು ಅವಳಿಗೆ ತಲೆ ಧಿಮ್ಮೆಂದಿತು.

‘ಗೊತ್ತಾಗ್ತಿಲ್ಲ,’ ಅಂದಳು.

ಮೇಡಂ ಕಪಾಟಿನಿಂದ ಟೂತ್‌ಪಿಕ್ಕಿನ ಡಬ್ಬಿಯನ್ನೂ ಹೊಸ ಬ್ಯಾಕ್ಟೀರಿಯಾ ಹರಡಿದ ಎರಡು ಪ್ಲೇಟನ್ನೂ ತಂದು ಅವಳ ಮುಂದೆ ಇಟ್ಟರು. ಒಂದನ್ನೂ ಬಿಡದೆ ಚುಚ್ಚಿ ನೋಡೋಣ, ಇದೂ, ಫ್ರಿಜ್ಜಿನಲ್ಲಿರುವ ಹಳೆಯವೂ, ಇನ್ನು ಮುಂದಿನವೂ ಎಂದರು. ಮುನ್ನೂರು ಪ್ಲೇಟು, ಪ್ರತಿಯೊಂದರಲ್ಲೂ ಹತ್ತು ಹನ್ನೆರಡು. ಆರು ತಿಂಗಳು ಸಾಲುವುದಿಲ್ಲ ಎಂದು ಇಬ್ಬರೂ ಮನಸ್ಸಿನಲ್ಲೇ ಗುಣಿಸಿರಬೇಕು. ಮೇಡಂ ಪಕ್ಕದ ಸ್ಟೂಲಿನ ಮೇಲೆ ಕೂತು ಹೊಸ ಪ್ಲೇಟಿನ ಬೆನ್ನಿಗೆ ಚೌಕಗಳ ಗೆರೆ ಎಳೆದು ನಂಬರು ಹಾಕತೊಡಗಿದರು, ಒಂದರಿಂದ ಹದಿನಾಲ್ಕು. ಅವಳು ಒಂದು ಕಡ್ಡಿ ತೆಗೆದುಕೊಂಡಳು. ಕೈ ನೆಟ್ಟಗಿತ್ತು. ಮೊದಲನೆಯ ಚುಕ್ಕೆಯನ್ನು ಮೆಲ್ಲಗೆ ಚುಚ್ಚಿ ಒಂದನೆಯ ಚೌಕಕ್ಕೆ ಮುಟ್ಟಿಸುವಾಗ, ಅದು ವೈರಸ್ಸಿನದಾಗಿರಲಿ ಎಂದು ಬೇಡಿಕೊಂಡಳೋ ತನ್ನದಾಗಿರಲಿ ಎಂದು ಬೇಡಿಕೊಂಡಳೋ ಅವಳಿಗೇ ತಿಳಿಯಲಿಲ್ಲ. ‘ಎರಡು,’ ಅಂದರು ಮೇಡಂ.